ಹಂದಿ ನನ್ನದು, ಕಿವಿ ಅವನದು

ನಾಟಿ ಮುಗಿದ ದಿನದಿಂದ ಹೊಸ ಅಕ್ಕಿ ಹಬ್ಬದವರೆಗೆ ನಮ್ಮ ಕಣಿವೆಯಲ್ಲಿ ಬಿದಿರು ಕೊಳವೆಯ ವಾದ್ಯ ಲೂಶೆಂಗ್ ಊದುವ ಹಾಗಿಲ್ಲ. ಊದಿದರೆ ಪೈರು ಹಬ್ಬ ಬಂದೇಬಿಟ್ಟಿತೆಂದುಕೊಂಡು, ಕಾಳು ಕಟ್ಟುವುದನ್ನು ಮರೆತು ಕುಣಿಯುತ್ತ ನಿಲ್ಲುತ್ತದೆ. ತೆನೆಯೆಲ್ಲ ಜೊಳ್ಳಾಗುತ್ತದೆ. ಇದು ನನ್ನಜ್ಜಿ ಹೇಳಿದ ಮಾತು, ಅವಳಿಗೆ ಅವಳಜ್ಜಿ ಹೇಳಿದ್ದು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅನ್ನ ತಿನ್ನುವವರು ಯಾರೂ ಇದನ್ನು ಪರೀಕ್ಷೆ ಮಾಡಿ ನೋಡಲು ಹೋಗುವುದಿಲ್ಲ.

ಅಂಥ ಊರಿನಲ್ಲಿ, ಭತ್ತ ಹೂಬಿಟ್ಟು ನಿಂತಿದ್ದ ಒಂದು ಮಧ್ಯಾಹ್ನ, ಲೂಶೆಂಗ್ ಮಾಡುವವನೇ ಲೂಶೆಂಗ್ ಊದಿದ. ಒಂದು ಸಲವಲ್ಲ, ಮೂರು ಸಲ. ಆ ಪುಣ್ಯಾತ್ಮ ನನ್ನ ಗಂಡ.

ನಮ್ಮ ಮುದುಕನ ಹೆಸರು ತಾಂಗ್ ಲೋ. ಅಂದರೆ ಲೋನ ಮಗ ತಾಂಗ್. ನನ್ನ ಮಾವ ಲೋ ಕೂಡ ಲೂಶೆಂಗ್ ಮಾಡುತ್ತಿದ್ದವನೇ. ಮರದ ಹೊಟ್ಟೆ ಕೊರೆದು, ಅದರಲ್ಲಿ ಆರು ಬಿದಿರು ಕೊಳವೆ ನಿಲ್ಲಿಸಿ, ಒಂದೊಂದು ಕೊಳವೆಯ ಬುಡಕ್ಕೂ ಹಿತ್ತಾಳೆಯ ತೆಳ್ಳನೆಯ ನಾಲಿಗೆ ಮೇಣ ಹಾಕಿ ಕೂರಿಸಬೇಕು. ಮರ, ಬಿದಿರು ಯಾರು ಬೇಕಾದರೂ ಕೊಯ್ಯಬಹುದು. ವಿದ್ಯೆಯೆಲ್ಲ ಇರುವುದು ಆ ನಾಲಿಗೆಯಲ್ಲಿ. ತುದಿ ಕೆರೆದರೆ ದನಿ ಮೇಲೇರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೂದಲೆಳೆಯಷ್ಟು ಹೆಚ್ಚು ಕೆರೆದರೆ ಕೆಟ್ಟಿತು. ನಾನು ಇಪ್ಪತ್ತನೇ ವಯಸ್ಸಿಗೆ ಈ ಮನೆಗೆ ಬಂದವಳು. ನಲವತ್ತೆಂಟು ವರ್ಷ ಅವನ ಕುಲುಮೆಯ ತಿದಿ ಒತ್ತಿದ್ದೇನೆ. ಬೇರೆ ಹೆಂಗಸರು ಮಕ್ಕಳ ಅಳು ಕೇಳಿ ಯಾರ ಮನೆಯದೆಂದು ಹೇಳುತ್ತಾರಲ್ಲ, ನಾನು ಲೂಶೆಂಗ್ ಕೇಳಿ ಹೇಳುತ್ತೇನೆ.

ಆ ವರ್ಷ ನಮ್ಮೂರ ಮೇಳದ ಮುಂದಾಳು ಯೆನ್ ಆರು ಹೊಸ ಲೂಶೆಂಗ್ ಬೇಕೆಂದು ಹೇಳಿ ಹೋಗಿದ್ದ. ಹಳೆಯವು ಹನ್ನೆರಡಿದ್ದವು, ಸೇರಿ ಹದಿನೆಂಟು. ಹಬ್ಬದ ಬೆಳಿಗ್ಗೆ ಮೊದಲ ಸಲ ಊದುವ ಹೊತ್ತಿಗೆ ಸಿದ್ಧವಾಗಬೇಕಿತ್ತು. ಊದದೆ ಹೇಗೆ ಮಾಡುತ್ತಾರೆ ಎಂದು ಕೇಳಬೇಡಿ. ನಾಲಿಗೆಯನ್ನು ಬರೀ ತುಟಿಗೆ ಹಿಡಿದು, ಬಿಸಿ ಚಹಾ ಹೀರುವ ಹಾಗೆ ಉಸಿರೆಳೆದು ನೋಡಲು ಅಡ್ಡಿಯಿಲ್ಲ. ಸೊಳ್ಳೆಯಷ್ಟು ಸದ್ದು ಬರುತ್ತದೆ, ಪೈರಿಗೆ ಕೇಳುವುದಿಲ್ಲ. ಕೊಳವೆಗೆ ಕೂರಿಸಿ ಊದಿದರೆ ಮಾತ್ರ ಅದು ಲೂಶೆಂಗ್.

ನಾನು ಆವತ್ತು ಕೆಳಗೆ ಹಂದಿಗೆ ಗೆಣಸಿನ ಬಳ್ಳಿ ಹಾಕುತ್ತಿದ್ದೆ. ಅವನು ಮೇಲೆ ಜಗಲಿಯಲ್ಲಿದ್ದ. ಇದ್ದಕ್ಕಿದ್ದ ಹಾಗೆ, ಆರರಲ್ಲಿ ಎಲ್ಲಕ್ಕಿಂತ ಮೇಲಿನ ದನಿಯ ಸಣ್ಣ ಕೊಳವೆ ಕಿರ್ರೆಂದಿತು. ಬಳ್ಳಿ ಅಲ್ಲೇ ಬಿಸಾಕಿ ಓಡಿದೆ. ಏಣಿ ಹತ್ತುವಷ್ಟರಲ್ಲಿ ಇನ್ನೊಂದು ಸಲ, ಮೊದಲಿಗಿಂತ ಜೋರು. ನಾನು ಕೈಯೆತ್ತಿ "ಅಯ್ಯೋ ನಿಲ್ಸೋ!" ಎನ್ನುವಾಗಲೇ ಕೆನ್ನೆ ಉಬ್ಬಿಸಿ ಮೂರನೆಯ ಸಲ. ಎದುರು ಬೆಟ್ಟದಿಂದ ದನಿ ವಾಪಸು ಬಂತು. ಕೆಳಗಿನ ಗದ್ದೆಗಳಲ್ಲಿ ಕಳೆ ಕೀಳುತ್ತಿದ್ದವರೆಲ್ಲ ಸೊಂಟ ನೆಟ್ಟಗೆ ಮಾಡಿ ನಮ್ಮ ಮನೆ ಕಡೆ ನೋಡಿದರು.

ಅವನು ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತ, "ಸತ್ತಿದೆ ಇದು. ಮೇಣ ಸಿಕ್ಕೊಂಡಿರ್ಬೇಕು, ಬಿಡಿಸೋಕೆ ಊದಿ ಊದಿ ಸಾಕಾಯ್ತು" ಎಂದ.

ನಾನು ಜಗಲಿಯ ಕಂಬ ಹಿಡಿದು ಕೂತುಬಿಟ್ಟೆ. ನನ್ನ ಮುಖ ನೋಡಿದ ಮೇಲೆ, ಅದು ಕೂಗಿದೆಯೆಂದು ಅವನಿಗೆ ಗೊತ್ತಾಯಿತು. ಕೊಳವೆಯನ್ನು ಮೆಲ್ಲಗೆ ಕೆಳಗಿಟ್ಟ.

ಬಿಸಿಲು ಇಳಿಯುವ ಮೊದಲೇ ಜಾಂಗ್ ಬೋ ಬಂದ. ಊರಲ್ಲಿ ವರ್ಷದ ಮೊದಲ ಸಸಿ ನೆಡುವ ಹಕ್ಕು ಅವನ ಮನೆತನದ್ದು. ಲೂಶೆಂಗಿಗೆ ಬೀಗ ಹಾಕುವವನೂ ಅವನೇ, ತೆಗೆಯುವವನೂ ಅವನೇ. ಜೊತೆಗೆ ಇಬ್ಬರು ಹಿರಿಯರು. ಕೊಟ್ಟ ಅಕ್ಕಿಹೆಂಡ ಮುಟ್ಟಲಿಲ್ಲ. ನಮ್ಮಲ್ಲಿ ಬಂದವರು ಹೆಂಡ ಮುಟ್ಟದಿದ್ದರೆ ಮಾತು ಕೆಟ್ಟದ್ದೆಂದೇ ಅರ್ಥ.

"ಅಣ್ಣ," ಎಂದ ಜಾಂಗ್ ಬೋ, "ಒಂದೇ ಮಾತು ಕೇಳ್ತೀನಿ. ಗೊತ್ತಿದ್ದು ಊದಿದ್ಯೋ, ಗೊತ್ತಿಲ್ದೆ ಊದಿದ್ಯೋ?"

ಗೊತ್ತಿದ್ದು ಊದಿದರೆ ತಪ್ಪು, ತಪ್ಪಿಗೆ ದಂಡ: ಒಂದು ಹಂದಿ ಕಡಿದು ಊರಿಗೆಲ್ಲ ಊಟ ಹಾಕಬೇಕು. ಸುಗ್ಗಿಯಲ್ಲಿ ಕಾಳು ಜೊಳ್ಳಾದರೆ ಬಾಯಿ ಮುಚ್ಚಿಕೊಂಡು ಬೈಗುಳ ಕೇಳಬೇಕು. ಗೊತ್ತಿಲ್ಲದೆ ಊದಿದರೆ ದಂಡವಿಲ್ಲ. ಆದರೆ ಊರೆಲ್ಲ ಕೇಳಿದ ದನಿ ತನಗೆ ಕೇಳಲಿಲ್ಲ ಎನ್ನುವ ಲೂಶೆಂಗ್ ಕಸುಬಿನವನಿಗೆ ಮುಂದಿನ ವರ್ಷ ಯಾರು ಕೆಲಸ ಕೊಡುತ್ತಾರೆ? ಕಣ್ಣಿಲ್ಲದವನ ಕೈಗೆ ಕತ್ತಿ ಕೊಟ್ಟು ತಲೆ ಬೋಳಿಸು ಅನ್ನುವುದುಂಟೇ?

ಮುದುಕ ನನ್ನ ಕಡೆ ನೋಡಲೇ ಇಲ್ಲ. "ಗೊತ್ತಿದ್ದೇ ಊದಿದೆ," ಎಂದ. "ನಾಲಿಗೆ ಹೇಗಿದೆ ನೋಡೋಣ ಅನ್ನಿಸ್ತು. ದುರಾಸೆ. ತಪ್ಪಾಯ್ತು."

ಜಾಂಗ್ ಬೋ ಅವನನ್ನೇ ಒಂದು ಗಳಿಗೆ ದಿಟ್ಟಿಸಿದ. ಆಮೇಲೆ ನನ್ನನ್ನು. "ನೀನೇನಂತೀಯ ಅತ್ತಿಗೆ?"

ಹಂದಿ ನನ್ನದು, ಕಿವಿ ಅವನದು. ಆ ಹಂದಿಯನ್ನು ಅಂಗೈಯಷ್ಟಿದ್ದಾಗಿನಿಂದ ಗಂಜಿ ಕುಡಿಸಿ ಸಾಕಿದ್ದೆ. ಅದರ ಬೆನ್ನು ತುರಿಸಿದರೆ ಕಣ್ಣು ಮುಚ್ಚಿ ನಿಲ್ಲುತ್ತಿತ್ತು. ನನ್ನ ಗಂಡ ಅಷ್ಟೂ ವರ್ಷದಲ್ಲಿ ನನ್ನ ಬೆನ್ನು ತುರಿಸಿದ್ದು ಲೆಕ್ಕಕ್ಕೆ ಮೂರು ಸಲ. ಬಾಯಿ ತೆರೆದಿದ್ದರೆ ಹಂದಿ ಉಳಿಯುತ್ತಿತ್ತು.

"ನಾನೇನು ಹೇಳ್ಲಿ," ಎಂದೆ. "ಮಾಡಿದ್ದುಣ್ಣೋ ಮಹರಾಯ. ಊದಿದಾನೆ, ಕೊಡ್ತೀವಿ."

ಮೂರನೆಯ ದಿನ ಊರೆಲ್ಲ ಬಂದು ಉಂಡು ಹೋಯಿತು. ಹುಳಿಸೊಪ್ಪಿನ ಸಾರು ಚೆನ್ನಾಗಿತ್ತು ಎಂದರು, ಇನ್ನೊಂದು ಬಟ್ಟಲು ಬಡಿಸಿಕೊಂಡರು. ನಾನು ಒಂದು ತುಣುಕೂ ಮುಟ್ಟಲಿಲ್ಲ. ಮುದುಕ ಮಾತ್ರ ತಲೆ ತಗ್ಗಿಸಿ ಎಲ್ಲರಿಗೂ ಹೆಂಡ ಬಗ್ಗಿಸುತ್ತ ಓಡಾಡಿದ.

ಮಾರನೆಯ ಬೆಳಿಗ್ಗೆ ಖಾಲಿ ಹಂದಿಗೂಡಿನ ಮುಂದೆ ನಿಂತು ಕೇಳಿದೆ. "ಎಷ್ಟು ವರ್ಷ ಆಯ್ತು?"

"ಏನು ಎಷ್ಟು ವರ್ಷ?"

"ನನ್ನ ಹತ್ರ ನಾಟಕ ಆಡ್ಬೇಡ. ಹಂದಿ ಸುಮ್ನೆ ಹೋಯ್ತಾ?"

ಅವನು ಗೂಡಿನ ಗಳ ಹಿಡಿದು ನಿಂತ. "ಮೂರು ವರ್ಷ," ಎಂದ. "ಎಲ್ಲಾ ಕೇಳತ್ತೆ ಕಣೇ. ನೀನು ಬೈಯೋದು ಕೇಳತ್ತೆ, ದೊಡ್ಡ ಕೊಳವೆ ಕೇಳತ್ತೆ. ಸಣ್ಣದೊಂದು ಮಾತ್ರ, ಒಂದು ಮಟ್ಟ ದಾಟಿ ಮೇಲಕ್ಕೆ ಹೋದ್ರೆ ಮಾಯ. ಆವತ್ತು ತುದಿ ಜಾಸ್ತಿ ಕೆರೆದಿದ್ದೆ, ಮೇಲೇರಿಬಿಟ್ಟಿತ್ತು. ನನಗೆ ಬರೀ ಗಾಳಿ. ಸತ್ತಿದೆ ಅಂದ್ಕೊಂಡೆ."

"ನಂಗೊತ್ತಿತ್ತು."

"ಗೊತ್ತಿದ್ದೂ ಹೇಳ್ಲಿಲ್ವಾ?"

"ನೀನು ಹೇಳಿದ್ಯಾ?"

ಆಮೇಲೆ ನಾನೇ, "ಸಣ್ಣ ನಾಲಿಗೆ ನಾನು ಕೇಳಿ ಹೇಳ್ತೀನಿ, ನೀನು ಕೆರಿ" ಎಂದೆ. ನಮ್ಮಲ್ಲಿ ಗಂಡಸರು ಊದುತ್ತಾರೆ, ಹೆಂಗಸರು ಕುಣಿಯುತ್ತಾರೆ, ಹಾಡುತ್ತಾರೆ. ನಾಲಿಗೆಯನ್ನು ಹೆಂಗಸು ತುಟಿಗಿಡುವುದಿಲ್ಲ. ಅವನ ಮುಖ ಕೆಂಪಾಯಿತು. "ಸಾಯೋ ತನಕ ನನ್ನ ಕೆಲಸ ನಾನೇ ಮಾಡ್ತೀನಿ. ಆರೂ ಮುಗಿದಿವೆ. ನನಗೆ ಕೇಳಿದ ಹಾಗೆ ಮಾಡಿದೀನಿ, ಸರಿಯಾಗೇ ಇವೆ" ಎಂದು ಹೆಗಲಿಗೆ ಗುದ್ದಲಿ ಹಾಕಿಕೊಂಡು ಗದ್ದೆಗೆ ಹೊರಟುಹೋದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನನ್ನ ಮಾತು.

ಸರಿಯಾಗಿವೆಯೋ ಇಲ್ಲವೋ ಎಂದು ತಿಳಿಯಲು ನನಗೊಂದು ದಾರಿಯಿತ್ತು. ಒಲೆಯ ಮೇಲಿನ ಗೋಡೆಯಲ್ಲಿ ನನ್ನ ಮಾವನ ಲೂಶೆಂಗ್ ತೂಗಿಹಾಕಿದೆ. ಹೊಗೆ ಹಿಡಿದು ಕಪ್ಪಾಗಿದೆ, ಅವನು ಸತ್ತ ಮೇಲೆ ಯಾರೂ ಊದಿಲ್ಲ. ಅದರ ಸಣ್ಣ ಕೊಳವೆ ಬಿಚ್ಚಿ, ಮೇಣ ಕರಗಿಸಿ ನಾಲಿಗೆ ತೆಗೆದೆ. ತುಟಿಗಿಟ್ಟು ಹೀರಿದೆ. ಅಬ್ಬಾ! ಮದುವೆಯಾಗಿ ಬಂದ ವರ್ಷ ನಾನು ಕುಣಿದ ದನಿ ಅದೇ. ಕಣ್ಣಲ್ಲಿ ನೀರು ಬಂತು. ಆಮೇಲೆ ಹೊಸದೊಂದರ ನಾಲಿಗೆ ಹೀರಿದೆ. ಕೆಳಗಿತ್ತು. ಬಹಳವಲ್ಲ, ಆದರೆ ಕೆಳಗೆ. ಆರೂ ಹಾಗೇ. ತನ್ನ ಕಿವಿ ಎಲ್ಲಿಯವರೆಗೆ ಏರಬಲ್ಲದೋ ಅಲ್ಲಿಗೆ ತಂದು ನಿಲ್ಲಿಸಿದ್ದ ಮಹಾರಾಯ.

ಹಬ್ಬದ ಬೆಳಿಗ್ಗೆ ಊರೆಲ್ಲರ ಎದುರು ಇವನ್ನು ಊದಿದರೆ ಗತಿಯೇನು? ಹಂದಿ ಹೋದದ್ದೂ ದಂಡ, ಮಾನವೂ ಹೋಗುತ್ತದೆ. ಅವನು ಗದ್ದೆಗೆ ನೀರು ತಿರುಗಿಸಲು ಹೋದಾಗಲೆಲ್ಲ ನಾನು ಕೆರೆಯುವ ಉಳಿ ಹಿಡಿದು ಕೂತೆ. ಕೆಟ್ಟ ನಾಲಿಗೆಗಳ ಡಬ್ಬಿಯಲ್ಲಿ ಮೊದಲು ಕೈ ಪಳಗಿಸಿಕೊಂಡೆ. ಬೆರಳು ಎರಡು ಕಡೆ ಕುಯ್ದುಕೊಂಡೆ, ಸೊಪ್ಪು ಹೆಚ್ಚುವಾಗ ಆಯಿತೆಂದು ಹೇಳಿದೆ. ಒಂಬತ್ತು ದಿನದಲ್ಲಿ ಆರನ್ನೂ ಮಾವನ ದನಿಗೆ ಏರಿಸಿ, ಮೇಣ ಹಾಕಿ, ಇದ್ದ ಹಾಗೆ ಇಟ್ಟೆ. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು, ಸುಳ್ಳೇಕೆ.

ಹಬ್ಬದ ದಿನ ಜಾಂಗ್ ಬೋ ತನ್ನ ಗದ್ದೆಯಿಂದ ಒಂಬತ್ತು ತೆನೆ ಕಿತ್ತು ತಂದ. ಮನೆಮನೆಯಲ್ಲೂ ಗದ್ದೆಯ ಮೀನು ಬೆಂದಿತ್ತು, ಅಂಟಕ್ಕಿಯ ಅನ್ನದ ಮೇಲೆ ಹೊಸ ತೆನೆ ಇಟ್ಟಾಗಿತ್ತು. ಆದರೆ ಲೂಶೆಂಗ್ ಕೇಳದೆ ಯಾರೂ ತುತ್ತು ಬಾಯಿಗಿಡುವ ಹಾಗಿಲ್ಲ. ಹೊಳೆ ಬದಿಯ ಬಯಲಲ್ಲಿ ಎಲ್ಲರೂ ಸೇರಿದೆವು. ಹುಡುಗಿಯರು ಬೆಳ್ಳಿ ಹೇರಿಕೊಂಡು ಜಣಜಣ ಸದ್ದು ಮಾಡುತ್ತ ಸುತ್ತು ನಿಂತರು. ಹದಿನೆಂಟು ಜನ ಮಧ್ಯದಲ್ಲಿ. ನಮ್ಮ ಮುದುಕ ಹೊಸ ನೀಲಿ ಅಂಗಿ ತೊಟ್ಟು ನೋಡುವವರ ಮುಂದಿನ ಸಾಲಿನಲ್ಲಿ, ಮಗುವನ್ನು ಮೊದಲ ಸಲ ಶಾಲೆಗೆ ಕಳಿಸುವ ಅಪ್ಪನ ಹಾಗೆ ನಿಂತಿದ್ದ.

ಜಾಂಗ್ ಬೋ ಕೈ ಎತ್ತಿದ. ಮೂರು ತಿಂಗಳ ಮೌನ ಒಡೆಯಿತು.

ದಪ್ಪ ಕೊಳವೆಗಳು ಸೊಗಸಾಗಿ ಎದ್ದವು. ನೆಲ ನಡುಗಿತು. ಆಮೇಲೆ ಸಣ್ಣ ಕೊಳವೆಯ ಸರದಿ. ಹನ್ನೆರಡು ಒಂದು ಕಡೆ, ಆರು ಇನ್ನೊಂದು ಕಡೆ. ಅನ್ನದಲ್ಲಿ ಕಲ್ಲು ಕಡಿದ ಹಾಗೆ. ಹುಡುಗಿಯರ ಹೆಜ್ಜೆ ತಪ್ಪಿತು. ಯಾರೋ ಮುದುಕಿ ಕಿವಿ ಮುಚ್ಚಿಕೊಂಡಳು. ಯೆನ್ ಕೈ ಬೀಸಿ ನಿಲ್ಲಿಸಿದ.

"ಅಜ್ಜ," ಎಂದ ಅವನು, ಮರ್ಯಾದೆಯಿಂದಲೇ, "ಈ ಹೊಸವನ್ನ ಮಾಡಿದ್ದು ನೀನೇನಾ? ಇವು ನಮ್ಮೂರ ದನಿ ಅಲ್ವಲ್ಲ?"

ಮುದುಕ ಒಬ್ಬೊಬ್ಬರ ಮುಖವನ್ನೂ ನೋಡಿದ. ಏನೋ ಕೆಟ್ಟಿದೆ ಎಂದು ಅವನಿಗೆ ಕಾಣುತ್ತಿತ್ತು, ಏನೆಂದು ಕೇಳುತ್ತಿರಲಿಲ್ಲ. ಹೊಸದೊಂದನ್ನು ಯೆನ್‌ನ ಕೈಯಿಂದ ತೆಗೆದುಕೊಂಡು ತಾನೇ ಊದಿದ. ಸಣ್ಣ ಕೊಳವೆಯ ತೂತಿನ ಮೇಲೆ ಬೆರಳಿಟ್ಟು ಊದಿದ, ಮತ್ತೆ ಊದಿದ. ಅವನಿಗೆ ಬರೀ ಗಾಳಿ. ತನ್ನ ಕಿವಿ ಪೂರ್ತಿ ಹೋಯಿತೆಂದೇ ಅವನು ತಿಳಿದ. ಅವನ ಮುಖದಲ್ಲಿ ರಕ್ತ ಇಂಗಿಹೋದದ್ದನ್ನು ನಾನು ಕಂಡೆ.

ಇನ್ನು ಬಾಯಿ ಮುಚ್ಚಿಕೊಂಡಿರಲು ನನ್ನಿಂದಾಗಲಿಲ್ಲ. ಹುಡುಗಿಯರನ್ನು ತಳ್ಳಿಕೊಂಡು ಮಧ್ಯಕ್ಕೆ ಹೋದೆ.

"ಅವನನ್ನ ಕೇಳ್ಬೇಡ, ನನ್ನ ಕೇಳು," ಎಂದೆ. "ನಾನು ಕೆರೆದದ್ದು. ಹೌದು, ಹೆಂಗಸೇ. ತುಟಿಗೂ ಇಟ್ಟೆ. ಅವನು ಸರಿಯಾಗೇ ಮಾಡಿ ಇಟ್ಟಿದ್ದ, ನಾನು ಕದ್ದು ಕೆಡಿಸಿದೆ. ಅವನಿಗೆ ಸಣ್ಣ ದನಿ ಕೇಳಲ್ಲ, ಮೂರು ವರ್ಷ ಆಯ್ತು. ಆವತ್ತು ಗೊತ್ತಿಲ್ದೇ ಊದಿದ. ಮರ್ಯಾದೆಗಂಜಿ ನನ್ನ ಹಂದಿ ಕೊಟ್ಟ. ಈಗ ನನಗೆ ಏನು ದಂಡ ಹಾಕ್ತೀರೋ ಹಾಕಿ, ಅವನ ಕೈಯಿಂದ ಕೆಲಸ ಮಾತ್ರ ಕಿತ್ಕೋಬೇಡಿ. ಕೆಲಸ ಹೋದ್ರೆ ಅವನು ಬದುಕಲ್ಲ."

ಆಗ ಯಾರೋ ಕಿಸಕ್ಕೆಂದರು. ತಿರುಗಿ ನೋಡಿದರೆ ಜಾಂಗ್ ಬೋ. ಊರ ಹಿರಿಯ, ಬಾಯಿಗೆ ತೋಳು ಅಡ್ಡ ಹಿಡಿದು ನಗುತ್ತಿದ್ದಾನೆ.

"ನಗ್ತೀಯೇನೋ ಮೈದುನ?" ಎಂದೆ. ನನಗೆ ಅಳು ಬರುತ್ತಿತ್ತು.

"ಅತ್ತಿಗೆ, ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡೀತಂತೆ," ಎಂದ ಅವನು. "ಊರಿಗೆ ಗೊತ್ತಿಲ್ದೆ ಇದ್ದದ್ದು ಯಾವುದು? ಮೂರು ವರ್ಷದಿಂದ ನಮ್ಮ ಲೂಶೆಂಗ್ ಎಲ್ಲಾ ರಿಪೇರಿಗೆ ಬರೋದು ಅಣ್ಣನ ಕೈಗೇ ಅಲ್ವಾ? ವರ್ಷಕ್ಕೊಂದಿಷ್ಟು ಕೆಳಗಿಳಿಸಿ ವಾಪಸ್ ಕೊಡ್ತಾನೆ. ಹನ್ನೆರಡೂ ಇಳಿದಿವೆ. ಎಲ್ಲಾ ಒಟ್ಟಿಗೇ ಇಳಿದ್ರೆ ಅದೇ ದನಿ ಅಲ್ವಾ? ನಾವು ಅದಕ್ಕೇ ಹೊಂದ್ಕೊಂಡ್ವಿ, ನೀನೂ ಹೊಂದ್ಕೊಂಡೆ, ನಿನಗೇ ಗೊತ್ತಾಗ್ಲಿಲ್ಲ."

ಹಾಡುವ ಹುಡುಗಿಯರ ಮುಂದಾಳು ಔ ಮೈ, ಯೆನ್‌ನ ಹೆಂಡತಿ, ತಲೆಯ ಬೆಳ್ಳಿ ಕೊಂಬಿನ ಕಿರೀಟದಡಿಯಿಂದ ಇಣುಕಿ, "ನಾವು ಹಾಡನ್ನೂ ಇಳಿಸ್ಕೊಂಡೇ ಹಾಡ್ತಿದೀವಿ ಅಜ್ಜಿ. ಗಂಟಲಿಗೂ ಆರಾಮ" ಎಂದಳು.

"ಹಾಗಾದ್ರೆ ನನ್ನ ಹಂದಿ?" ಎಂದೆ ನಾನು.

"ಗೊತ್ತಿದ್ದೋ ಗೊತ್ತಿಲ್ದೆಯೋ ಅಂತ ನಾನು ನಿಮ್ಮಿಬ್ಬರನ್ನೂ ಕೇಳ್ಲಿಲ್ವಾ? ಹಂದಿ ಹೋದ್ರೂ ಪರವಾಗಿಲ್ಲ, ಹೆಸರು ಉಳೀಲಿ ಅಂದ್ರಿ. ನಿಮ್ಮ ಮಾತಿಗೆ ನಾವ್ಯಾಕೆ ಅಡ್ಡ ಬರೋಣ? ಹಂದಿ ಬೇರೆ ಕೊಬ್ಬಿತ್ತು."

ಊರೆಲ್ಲ ನಕ್ಕಿತು. ಅವನ ತಲೆಗೆ ಹೊಡೆಯಲು ನನಗೆ ಕೈಗೇನೂ ಸಿಗಲಿಲ್ಲ.

ಮುದುಕ ಮಾತ್ರ ನಗಲಿಲ್ಲ. ಹೊಸ ಲೂಶೆಂಗ್ ಹಿಡಿದುಕೊಂಡೇ ಕೇಳಿದ. "ಇವು ಯಾವ ದನಿಗಿವೆ?"

"ನಿಮ್ಮಪ್ಪನದಕ್ಕೆ," ಎಂದೆ.

ಅವನು ತಲೆಯಾಡಿಸಿದ. "ಅಂದ್ರೆ ಇವೇ ಸರಿ. ತಪ್ಪಿರೋದು ಆ ಹನ್ನೆರಡು. ಎಲ್ಲಾನೂ ಮೇಲಕ್ಕೆ ಎತ್ತಬೇಕು. ಇವಳೇ ಎತ್ತಲಿ, ಇವಳಿಗೆ ಕಿವಿ ಇದೆ." ಅವನ ದನಿ ಒಡೆಯಿತು. "ನಾನು ಮೂರು ವರ್ಷ ಊರಿನ ದನಿ ಕೆಡಿಸಿದೆ."

ಯೆನ್ ಕಾಲಿನಿಂದ ನೆಲ ಕೆರೆಯುತ್ತ, "ಎತ್ತಿದ್ರೆ ನಿನಗೆ ಕೇಳತ್ತಾ ಅಜ್ಜ?" ಎಂದ.

ಮುದುಕ ಕೈಯಲ್ಲಿದ್ದ ಲೂಶೆಂಗನ್ನು ಕೆಳಗಿಳಿಸಿದ.

"ಮತ್ಯಾಕೆ ಎತ್ತೋದು?" ಎಂದ ಯೆನ್. "ನಮ್ಮ ಲೂಶೆಂಗ್ ನಮ್ಮಜ್ಜನಿಗೇ ಕೇಳ್ದೆ ಇದ್ರೆ ಯಾರಿಗೆ ಊದೋದು?"

"ಹೊಟ್ಟೆ ಚುರ್ ಅಂತಿದೆ," ಎಂದ ಜಾಂಗ್ ಬೋ. "ಹನ್ನೆರಡು ಎತ್ತೋ ಹೊತ್ತಿಗೆ ಮೀನು ಆರತ್ತೆ. ಆರು ಇಳಿಸಿ. ಬೇಗ."

ಯಾರೋ ಓಡಿ ಹೋಗಿ ಉಳಿ, ಮೇಣ, ಕೆಂಡ ತಂದರು. ಬಯಲಲ್ಲೇ ಕೂತೆವು, ನಾನು ಎದುರಿಗೆ. ಅವನು ನಾಲಿಗೆಯ ಬುಡ ಕೆರೆದು ತುಟಿಗಿಟ್ಟು ಹೀರುವುದು, ಹಳೆಯದರ ಜೊತೆ ಹೋಲಿಸಿ ನಾನು ಬೆರಳಿನಲ್ಲಿ 'ಇನ್ನೂ' ಎನ್ನುವುದು. ಊರೆಲ್ಲ ಉಸಿರು ಬಿಗಿಹಿಡಿದು ಸುತ್ತ ನಿಂತಿತ್ತು. ಇನ್ನೂ. ಇನ್ನೊಂದೆಳೆ. ಸಾಕೆಂದು ನನ್ನ ಬೆರಳು ಮೇಲೇಳುವ ಮೊದಲೇ ಅವನು ಥಟ್ಟನೆ ಕೈ ನಿಲ್ಲಿಸಿ ತಲೆ ಎತ್ತಿದ.

"ಕೇಳ್ತು," ಎಂದ.

ನಾನೂ ಹೀರಿ ನೋಡಿದೆ, ಎಲ್ಲರೆದುರು. ಯಾರೂ ಏನೂ ಅನ್ನಲಿಲ್ಲ. ಹನ್ನೆರಡರ ದನಿಗೆ ಎಳೆಯಷ್ಟೂ ಹೆಚ್ಚುಕಡಿಮೆಯಿರಲಿಲ್ಲ. ಅವನ ಕಿವಿ ಎಲ್ಲಿ ಮುಗಿಯುತ್ತದೆಯೋ ಅಲ್ಲೇ ನಮ್ಮೂರ ದನಿ ನಿಂತಿತ್ತು.

"ಸರಿಯಿದ್ಯಾ?" ಎಂದು ಕೇಳಿದ. ಅಷ್ಟು ವರ್ಷದಲ್ಲಿ ಆ ಮಾತನ್ನು ಅವನು ನನಗೆ ಕೇಳಿದ್ದು ಅದೇ ಮೊದಲು.

ನನಗೆ ಮಾವನ ದನಿ ಗೊತ್ತಿತ್ತು. ಅದು ಇನ್ನೂ ಗೋಡೆಯ ಮೇಲಿದೆ, ಇರಲಿ.

"ಸರಿಯಿದೆ," ಎಂದೆ.

ಉಳಿದ ಐದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹದಿನೆಂಟೂ ಎದ್ದಾಗ ಅವನು ಕಣ್ಣು ಮುಚ್ಚಿ ನಿಂತಿದ್ದ. ನಾನು ಹತ್ತು ವರ್ಷದ ಮೇಲೆ ಆವತ್ತು ಹುಡುಗಿಯರ ಸಾಲಿನ ಕೊನೆಗೆ ಸೇರಿ ಕುಣಿದೆ, ಮಂಡಿ ನೋವು ಲೆಕ್ಕಿಸದೆ, ಅಳುತ್ತ. ಆ ವರ್ಷ ಕಾಳು ಗಟ್ಟಿಯಾಗಿಯೇ ಬಂತು. ಜಾಂಗ್ ಬೋ ಒಂದು ಹಂದಿಮರಿ ತಂದು ಕೊಟ್ಟು, ನನ್ನ ಬೈಗುಳಕ್ಕೆ ಕಾಯದೆ ಓಡಿಹೋದ.

ಮೊನ್ನೆ ಚಳಿಗಾಲದಲ್ಲಿ ಹದಿನೆಂಟೂ ರಿಪೇರಿಗೆ ಬಂದವು. ಅವನು ಕೆರೆದ, ನಾನು ಕೇಳಿದೆ. ಇನ್ನೊಂದು ಎಳೆ ಇಳಿಸಬೇಕಾಯಿತು. ಹಾಡು ಇಳಿಸಿಕೊಳ್ಳಲು ಔ ಮೈಗೆ ಹೇಳಿ ಕಳಿಸಿದ್ದೇನೆ.